ಅಡಿಕೆ ನಮ್ಮದು, ಆಸ್ಪತ್ರೆ ದೂರದ್ದು, ಸಂಶೋಧನೆ ಯಾರದ್ದು?

ಶಿರಸಿ ಪೇಟೆಯಲ್ಲಿ ಚಂದಾ ಬುಕ್ಕು ಹಿಡಿದು ಹೊರಟವರು ಬರಿಗೈಲಿ ವಾಪಸು ಬರುವುದು ಕಮ್ಮಿ. ಗಣಪತಿ ಹಬ್ಬಕ್ಕೆ ಕೊಡ್ತಾರೆ, ಮಾರಿಜಾತ್ರೆಗೆ ಕೊಡ್ತಾರೆ, ಯಕ್ಷಗಾನದ ಆಟಕ್ಕೂ ಕೊಡ್ತಾರೆ. ಸಿದ್ದಾಪುರದ ಕಡೆ ಶಾಲೆಗೊಂದು ಕೋಣೆ ಬೇಕೆಂದರೆ ಒಬ್ಬರು ಸಿಮೆಂಟು, ಇನ್ನೊಬ್ಬರು ಮರಳು ಒಪ್ಪಿಕೊಳ್ತಾರೆ. ಯಲ್ಲಾಪುರದಲ್ಲಿ ಯಾರಿಗೋ ಕ್ಯಾನ್ಸರ್ ಅಂತ ಸುದ್ದಿ ಬಂದರೆ ಸಾಕು, ಸಂಜೆಯೊಳಗೆ ಗಲ್ಲಾಪೆಟ್ಟಿಗೆಗಳಿಂದ ನೋಟುಗಳು ಹೊರಗೆ ಬರ್ತವೆ. ಕೊಡುವ ಕೈಗೆ ನಮ್ಮ ಘಟ್ಟದ ಮೇಲೆ ಬರ ಇಲ್ಲ.

ಆದರೆ ಅದೇ ಕ್ಯಾನ್ಸರ್ ಯಾಕೆ ಬರ್ತದೆ, ಹೇಗೆ ತಡೆಯಬಹುದು ಅಂತ ಹತ್ತು ವರ್ಷ ಕೂತು ಹುಡುಕುತ್ತೇನೆ ಎನ್ನುವ ಹುಡುಗ ಹುಡುಗಿಯರಿಗೆ ಕೊಡುವ ಮಾತು ಬಂದರೆ? ‘ಅದು ಸರ್ಕಾರದ ಕೆಲಸ ಮಾರಾಯ್ರೆ’ ಅಂತ ಮಾತು ಮುಗಿಸ್ತೇವೆ.

ಈ ಲೆಕ್ಕ ಸರಿಯೇ? ಅಡಿಕೆಯ ಮೇಲೆಯೇ ಬದುಕು ನಿಂತಿರುವ ಈ ಮೂರು ತಾಲೂಕಿನವರು ಸ್ವಲ್ಪ ಯೋಚಿಸಬೇಕಾದ ಪ್ರಶ್ನೆ ಇದು.

ಬೇಡದ ಸುದ್ದಿ

ಮೊದಲು ಕಹಿ ಮಾತು ಹೇಳಿಬಿಡುವ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ತಂಬಾಕು ಹಾಕಿದ ಕವಳದಿಂದ ಕ್ಯಾನ್ಸರ್ ಬರ್ತದೆ ಅಂತ 1985ರಲ್ಲೇ ಹೇಳಿತ್ತು. 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಇನ್ನೂ ಮುಂದೆ ಹೋಯಿತು. ತಂಬಾಕು ಇಲ್ಲದಿದ್ದರೂ ಬರೀ ಅಡಿಕೆಯೇ ಕ್ಯಾನ್ಸರ್‌ಕಾರಕ ಅಂತ ಬರೆಯಿತು.

ಅಡಿಕೆ ಜಗಿಯುವವರಲ್ಲಿ ಕೆಲವರಿಗೆ ಕೆನ್ನೆಯ ಒಳಪದರ ಗಟ್ಟಿಯಾಗ್ತಾ ಹೋಗ್ತದೆ. ಮೊದಲು ಖಾರ ತಾಗಿದರೆ ಉರಿ. ಆಮೇಲೆ ಬಾಯಿ ಪೂರ್ತಿ ತೆರೆಯಲಿಕ್ಕೇ ಆಗುವುದಿಲ್ಲ. ಇಂಥ ಬಿಗಿದ ಬಾಯಿಯಲ್ಲೇ ಮುಂದೆ ಕೆಲವರಿಗೆ ಕ್ಯಾನ್ಸರ್ ಆಗ್ತದೆ. ಗುಟ್ಕಾ ಚೀಟಿ ಬಂದ ಮೇಲೆ ಚಿಕ್ಕ ಪ್ರಾಯದವರಲ್ಲೂ ಈ ಕಾಯಿಲೆ ಕಾಣಿಸಿಕೊಂಡಿತು. ಕರ್ನಾಟಕ ಸರ್ಕಾರ 2013ರಲ್ಲಿ ಗುಟ್ಕಾ ನಿಷೇಧಿಸಿತು.

ಈ ಮಾತು ಕೇಳಿ ಬೆಳೆಗಾರರ ಎದೆ ಧಸಕ್ ಎಂದರೆ ಅದು ಸಹಜ. ರಾಶಿ, ಚಾಲಿ, ಬೆಟ್ಟೆ ಅಂತ ಬೇರೆ ಬೇರೆ ಮಾಡಿ ವ್ಯಾಪಾರಕ್ಕೆ ಹಾಕುವ ಮನೆಯ ಮಗಳ ಮದುವೆ, ಮಗನ ಕಾಲೇಜು ಫೀಸು, ಸೊಸೈಟಿ ಸಾಲ ಎಲ್ಲವೂ ಅದರ ಮೇಲೇ ನಿಂತಿದೆ. ತೋಟದವನ ಕೈಲಿ ದುಡ್ಡಿದ್ದರೆ ತಾನೇ ಪೇಟೆಯಲ್ಲಿ ಬಟ್ಟೆ ಅಂಗಡಿಯವನಿಗೂ ಕಿರಾಣಿಯವನಿಗೂ ವ್ಯಾಪಾರ? ಹಾಗಾಗಿ ಅಡಿಕೆಗೂ ಕ್ಯಾನ್ಸರಿಗೂ ಇರುವ ಸಂಬಂಧದ ಬಗ್ಗೆ ಕೂಲಂಕಷ ಸತ್ಯ ತಿಳಿಯಬೇಕಾದವರು ದೇಶದಲ್ಲಿ ಯಾರಾದರೂ ಇದ್ದರೆ ಮೊದಲು ನಾವೇ.

ತಿಳಿಯಬೇಕಾದ್ದು ಇನ್ನೂ ಬೇಕಾದಷ್ಟಿದೆ. ಬಾಯಿ ಬಿಗಿದವರಲ್ಲಿ ಯಾರಿಗೆ ಕ್ಯಾನ್ಸರ್ ಆಗ್ತದೆ, ಯಾರಿಗೆ ಆಗುವುದಿಲ್ಲ? ಅದನ್ನು ಮುಂಚಿತವಾಗಿ ಕಂಡುಹಿಡಿಯುವುದು ಹೇಗೆ? ಬಿಗಿದ ಕೆನ್ನೆ ಸಡಿಲಾಗುವ ಒಳ್ಳೆಯ ಔಷಧ ಯಾವುದು? ಇವೆಲ್ಲ ಭಾಷಣದಿಂದ ತೀರುವ ಪ್ರಶ್ನೆಗಳಲ್ಲ. ಯಾರಾದರೂ ಕೂತು ದುಡಿಯಬೇಕು.

ಮೈಸೂರು ಸೀಮೆಯಲ್ಲಿ ಬೆಳೆದ ಹುಡುಗಿ

ಸಂಶೋಧನೆಗೆ ದಾನ ಕೊಡುವುದು ಬಿಳಿಯರ ದೇಶದ ಪದ್ಧತಿ ಅಂತ ತಿಳಿದವರಿದ್ದಾರೆ. ಅದು ತಪ್ಪು. ನಮ್ಮ ದೇಶದ ದೊಡ್ಡ ಉದಾಹರಣೆಯ ಬೇರು ಕನ್ನಡ ನೆಲದಲ್ಲೇ ಇದೆ.

ಮೆಹರ್‌ಬಾಯಿ ಭಾಭಾ ಅಂತ ಒಬ್ಬ ಪಾರಸಿ ಹುಡುಗಿ. 1879ರಲ್ಲಿ ಹುಟ್ಟಿದವಳು. ತಂದೆ ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯ ದೊಡ್ಡ ಅಧಿಕಾರಿ. ಬೆಂಗಳೂರು, ಮೈಸೂರಿನಲ್ಲೇ ಬೆಳೆದಳು. 1898ರಲ್ಲಿ ಜೆಮ್‌ಶೆಟ್‌ಜಿ ಟಾಟಾ ಅವರ ಹಿರಿಯ ಮಗ ದೊರಾಬ್‌ಜಿಯ ಕೈಹಿಡಿದಳು. ಅಣುವಿಜ್ಞಾನಿ ಹೋಮಿ ಭಾಭಾ ಅವರಿಗೆ ಈಕೆ ಸೋದರತ್ತೆ.

ಗಂಡ ಆಕೆಗೆ ಕೊಡಿಸಿದ ಜುಬಿಲಿ ವಜ್ರ 245 ಕ್ಯಾರಟ್ಟಿನದು. ಇಂದಿನ ಕೊಹಿನೂರಿನ ಎರಡು ಪಾಲಿಗಿಂತ ಜಾಸ್ತಿ. 1924ರಲ್ಲಿ ಟಾಟಾ ಉಕ್ಕಿನ ಕಾರ್ಖಾನೆ ಸಂಬಳ ಕೊಡಲಿಕ್ಕೂ ಒದ್ದಾಡಿದಾಗ ದೊರಾಬ್‌ಜಿ ಬ್ಯಾಂಕಿಗೆ ಅಡವಿಟ್ಟ ಆಸ್ತಿಯಲ್ಲಿ ಆ ವಜ್ರವೂ ಇತ್ತು.

1931ರ ಜೂನ್‌ನಲ್ಲಿ ಮೆಹರ್‌ಬಾಯಿ ರಕ್ತದ ಕ್ಯಾನ್ಸರಿನಿಂದ ಬ್ರಿಟನ್ನಿನ ವೇಲ್ಸ್‌ನ ಆಸ್ಪತ್ರೆಯಲ್ಲಿ ತೀರಿಕೊಂಡಳು. ವಜ್ರ ಇದ್ದರೇನು, ಆಗ ಆ ರೋಗಕ್ಕೆ ಔಷಧವೇ ಜಗತ್ತಿನಲ್ಲಿ ಇರಲಿಲ್ಲ. ಕೊಳ್ಳೋಣವೆಂದರೆ ಅಂಗಡಿಯಲ್ಲಿ ಮಾಲೇ ಇಲ್ಲ!

ದೊರಾಬ್‌ಜಿಗೆ ಇದು ನಾಟಿತು. 1932ರಲ್ಲಿ ಹೆಂಡತಿಯ ಹೆಸರಿನಲ್ಲಿ ಲೇಡಿ ಟಾಟಾ ಮೆಮೋರಿಯಲ್ ಟ್ರಸ್ಟ್ ಮಾಡಿದರು. ಅದರ ಉತ್ಪನ್ನದಲ್ಲಿ ಐದರಲ್ಲಿ ನಾಲ್ಕು ಪಾಲು ಜಗತ್ತಿನ ಯಾವ ದೇಶದವರೇ ಆಗಲಿ, ರಕ್ತದ ಕ್ಯಾನ್ಸರಿನ ಸಂಶೋಧನೆ ಮಾಡುವವರಿಗೆ. ಉಳಿದ ಒಂದು ಪಾಲು ರೋಗ ನಿವಾರಣೆಯ ಬಗ್ಗೆ ಭಾರತದಲ್ಲಿ ನಡೆಯುವ ಸಂಶೋಧನೆಗೆ. ಪಿಎಚ್.ಡಿ. ಓದುವವರು, ಅದು ಮುಗಿಸಿ ಕಾಲೂರಲು ನೋಡುವ ತರುಣರು ಈ ಹಣದಿಂದ ದಾರಿ ಕಂಡಿದ್ದಾರೆ. ಅದೇ ವರ್ಷ ದೊರಾಬ್‌ಜಿಯೂ ಹೋದರು. ವಜ್ರ ಮಾರಿದ ಹಣ ಅವರ ಇನ್ನೊಂದು ಟ್ರಸ್ಟಿಗೆ ಸೇರಿತು. ಆ ಟ್ರಸ್ಟು ಕಟ್ಟಿಸಿದ ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆ 1941ರಲ್ಲಿ ಬಾಗಿಲು ತೆರೆಯಿತು.

ಕಾಕಿನಾಡದ ಚಂದಾ

‘ಟಾಟಾ ಅಂದರೆ ಟಾಟಾ, ನಾವು ಪುಡಿ ವ್ಯಾಪಾರದವರು’ ಅಂತೀರಾ? ಹಾಗಾದರೆ ಇದನ್ನು ಕೇಳಿ.

ಆಂಧ್ರದಲ್ಲಿ ಎಲ್ಲಾಪ್ರಗಡ ಸುಬ್ಬರಾವ್ ಅಂತ ಒಬ್ಬ ಬಡವರ ಮನೆಯ ಹುಡುಗ. ಹೊಟ್ಟೆಯ ಕಾಯಿಲೆಯಿಂದ ಅಣ್ಣತಮ್ಮಂದಿರು ಕಣ್ಣೆದುರೇ ತೀರಿಕೊಂಡರು. ಮದ್ರಾಸಿನಲ್ಲಿ ವೈದ್ಯಕೀಯ ಓದಿದ ಮೇಲೆ ಔಷಧ ಹುಡುಕುವ ಹಟ ಹಿಡಿಯಿತು. 1920ರ ದಶಕದ ಆರಂಭದಲ್ಲಿ ಅಮೆರಿಕಕ್ಕೆ ಹೊರಟಾಗ ಖರ್ಚಿಗೆ ಒದಗಿದ್ದು ಮಾವನ ಮನೆಯ ನೆರವು ಮತ್ತು ಕಾಕಿನಾಡದ ಮಲ್ಲಾಡಿ ಸತ್ಯಲಿಂಗ ನಾಯಕರ್ ಧರ್ಮನಿಧಿಯ ಆಶ್ವಾಸನೆ. ಅದು ಒಬ್ಬ ಊರಿನ ವ್ಯಾಪಾರಿ ಬಿಟ್ಟುಹೋದ ದುಡ್ಡು. ಬಾಸ್ಟನ್ನಿಗೆ ಹೋದ ಮೇಲೆ ಸುಬ್ಬರಾವ್ ಹೊಟ್ಟೆಪಾಡಿಗೆ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ಚಾಕರಿಯನ್ನೂ ಮಾಡಿದರು.

ಮುಂದೆ ಅವರ ತಂಡ ಔಷಧ ಕಂಪನಿಯೊಂದರಲ್ಲಿ ತಯಾರಿಸಿದ ಅಮಿನಾಪ್ಟರಿನ್ ಎಂಬ ಮದ್ದನ್ನು ಬಾಸ್ಟನ್ನಿನ ಡಾಕ್ಟರ್ ಸಿಡ್ನಿ ಫಾರ್ಬರ್ 1947ರಲ್ಲಿ ರಕ್ತದ ಕ್ಯಾನ್ಸರಿನ ಮಕ್ಕಳಿಗೆ ಕೊಟ್ಟು ನೋಡಿದರು. ಕೆಲವು ಮಕ್ಕಳಲ್ಲಿ ರೋಗ ಸ್ವಲ್ಪ ಕಾಲ ಹಿಂದೆ ಸರಿಯಿತು. ಮೆಹರ್‌ಬಾಯಿಯನ್ನು ಕೊಂದ ರೋಗಕ್ಕೆ ಮೊದಲ ಸಲ ಔಷಧ ನಾಟಿದ್ದು ಹಾಗೆ. ಅದರ ಬೆನ್ನಿಗೇ ಬಂದ ತಮ್ಮ ಮೆಥೊಟ್ರೆಕ್ಸೇಟ್ ಇವತ್ತಿಗೂ ಬಳಕೆಯಲ್ಲಿದೆ. ಸುಬ್ಬರಾವ್ 1948ರಲ್ಲೇ ತೀರಿಕೊಂಡರು.

ಈ ಕಥೆ ನಮಗೆ ಯಾಕೆ? ಮುಂಬಯಿಯ ಅದೇ ಟಾಟಾ ಆಸ್ಪತ್ರೆಯ ವೈದ್ಯರು ವಾಸಿಯಾಗದ ಹಂತ ತಲುಪಿದ ತಲೆ, ಕುತ್ತಿಗೆ, ಬಾಯಿ ಕ್ಯಾನ್ಸರಿನ 400ಕ್ಕೂ ಹೆಚ್ಚು ರೋಗಿಗಳ ಮೇಲೆ ಒಂದು ಪರೀಕ್ಷೆ ಮಾಡಿದರು. ಅರ್ಧ ಜನರಿಗೆ ರೂಢಿಯ ಇಂಜೆಕ್ಷನ್ನು. ಇನ್ನರ್ಧ ಜನರಿಗೆ ಮೆಥೊಟ್ರೆಕ್ಸೇಟ್ ಮತ್ತು ಒಂದು ನೋವಿನ ಮಾತ್ರೆ, ಮನೆಯಲ್ಲೇ ನುಂಗುವಂಥದ್ದು, ದುಬಾರಿಯಲ್ಲದ್ದು. 2020ರಲ್ಲಿ ಫಲಿತಾಂಶ ಪ್ರಕಟವಾಯಿತು. ಇಂಜೆಕ್ಷನ್ನಿನವರು ಸರಾಸರಿ 6 ತಿಂಗಳು ಬದುಕಿದರೆ ಮಾತ್ರೆಯವರು ಏಳೂವರೆ ತಿಂಗಳು. ತೊಂದರೆಯೂ ಕಮ್ಮಿ.

ಒಂದೂವರೆ ತಿಂಗಳು ದೊಡ್ಡದೇ ಅಂತ ಕೇಳಬೇಡಿ. ಹುಬ್ಬಳ್ಳಿಯ ನವನಗರಕ್ಕೋ, ಬೆಂಗಳೂರಿನ ಕಿದ್ವಾಯಿಗೋ ರೋಗಿಯನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಹೋಗಿ ಬಂದ ಮನೆಯವರನ್ನು ಕೇಳಿ. ಇಂಜೆಕ್ಷನ್ನಿಗಾಗಿ ಅಷ್ಟು ದೂರ ಅಲೆಯುವ ಬದಲು ಮನೆಯ ಜಗಲಿಯಲ್ಲೇ ಮಾತ್ರೆ ನುಂಗುವುದು ಏನೆಂದು ಅವರಿಗೆ ಗೊತ್ತು. ಕಾಕಿನಾಡದ ಆ ಚಂದಾ ನೂರು ವರ್ಷದ ನಂತರ ನಮ್ಮಂಥವರ ಬಾಗಿಲಿಗೆ ಬಂದದ್ದು ಹೀಗೆ.

ಹುಡುಗರ ಗತಿ

ಈಗ ನಮ್ಮ ಹುಡುಗ ಹುಡುಗಿಯರ ಸ್ಥಿತಿ ನೋಡಿ. ಎಂ.ಎಸ್‌ಸಿ. ಮುಗಿಸಿ ಕಠಿಣ ಪರೀಕ್ಷೆ ಪಾಸಾಗಿ ಸಂಶೋಧನೆಗೆ ಸೇರಿದವರಿಗೆ ಕೇಂದ್ರದ ಫೆಲೋಶಿಪ್ 2023ರಿಂದ ತಿಂಗಳಿಗೆ 37 ಸಾವಿರ. ಜೊತೆಗೆ ಮನೆ ಬಾಡಿಗೆ ಭತ್ಯೆ. ಐದಾರು ವರ್ಷ ದುಡಿದು ಪಿಎಚ್.ಡಿ. ಬಂತು ಅನ್ನಿ, ಆಮೇಲೆ ಖಾಯಂ ನೌಕರಿ ಕೂಡಲೇ ಕಾದಿರುವುದಿಲ್ಲ. ಒಂದು ವರ್ಷ ಇಲ್ಲಿ, ಎರಡು ವರ್ಷ ಅಲ್ಲಿ ತಾತ್ಕಾಲಿಕ ಕೆಲಸ. ವಯಸ್ಸು ಮೂವತ್ತು ದಾಟಿರ್ತದೆ, ಮನೆಯಲ್ಲಿ ‘ಇನ್ನೂ ಓದ್ತಾ ಇದ್ದೀಯಾ?’ ಅಂತ ಕೇಳ್ತಾರೆ. ಒಳ್ಳೆಯ ಯೋಚನೆ ತಲೆಯಲ್ಲಿರುವಾಗಲೇ ಎಷ್ಟೋ ಜನ ಕೈಬಿಟ್ಟು ಬೇರೆ ಕೆಲಸ ಹಿಡಿಯುವುದು ಈ ಕಾಲದಲ್ಲೇ. ದಾನದ ಹಣಕ್ಕೆ ಬೆಲೆ ಬರುವುದೂ ಆಗಲೇ.

ಕೊಡುವವರು ಇಲ್ಲವೆಂದಲ್ಲ. ಬ್ರಿಟನ್ನಿನ ವೆಲ್‌ಕಮ್ ಟ್ರಸ್ಟ್ ಒಬ್ಬ ಔಷಧ ವ್ಯಾಪಾರಿಯ ಉಯಿಲಿನಿಂದ 1936ರಲ್ಲಿ ಹುಟ್ಟಿದ್ದು. ಅದು ನಮ್ಮ ಕೇಂದ್ರ ಸರ್ಕಾರದ ಜೊತೆ ಸೇರಿ 2008ರಲ್ಲಿ ಹೊಸ ವಿಜ್ಞಾನಿಗಳಿಗೆ ಐದು ವರ್ಷದ ಸಂಬಳ, ಪ್ರಯೋಗದ ಖರ್ಚು ಕೊಡುವ ಏರ್ಪಾಡು ಶುರು ಮಾಡಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ 2022ರಲ್ಲಿ ಬಾಗ್ಚಿ ಮತ್ತು ಪಾರ್ಥಸಾರಥಿ ದಂಪತಿಗಳು 425 ಕೋಟಿ ಘೋಷಿಸಿದರು. ರೋಗಿಯನ್ನೂ ನೋಡುವ, ಸಂಶೋಧನೆಯನ್ನೂ ಮಾಡುವ ಡಾಕ್ಟರರನ್ನು ತಯಾರು ಮಾಡುವುದು ಅಲ್ಲಿಯ ಉದ್ದೇಶ.

ಕೊಳೆಯ ಪಾಠ

ಸಂಶೋಧನೆ ಅಂದರೆ ಏನು ಫಾಯಿದೆ ಎನ್ನುವವರು ತಮ್ಮ ತೋಟಕ್ಕೇ ಹೋಗಿ ನೋಡಲಿ. ಮಳೆಗಾಲದಲ್ಲಿ ಕೊಳೆಗೆ ಹೊಡೆಯುವ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ಆಕಾಶದಿಂದ ಇಳಿದದ್ದಲ್ಲ. ಮೈಸೂರು ಸರ್ಕಾರ 1908ರಲ್ಲಿ ಕರೆಸಿಕೊಂಡ ಕೆನಡಾದ ಲೆಸ್ಲಿ ಕೋಲ್ಮನ್ ಕೊಳೆ ರೋಗವನ್ನು ಅಭ್ಯಾಸ ಮಾಡಿ ತೋಟಿಗರಿಗೆ ಹೇಳಿಕೊಟ್ಟದ್ದು. ಬಂದಾಗ ಅವರಿಗೆ ಮೂವತ್ತರ ಪ್ರಾಯ. ಮರದ ರೋಗಕ್ಕೆ ಒಬ್ಬ ತರುಣನಿಗೆ ಸಂಬಳ ಕೊಟ್ಟದ್ದರ ಲಾಭವನ್ನು ನಾವು ನೂರು ವರ್ಷದಿಂದ ಉಣ್ತಾ ಇದ್ದೇವೆ. ಮನುಷ್ಯನ ರೋಗಕ್ಕೆ ಕೊಡಲು ಹಿಂಜರಿಕೆ ಯಾಕೆ?

ಅಡಿಕೆ ಮತ್ತು ಆರೋಗ್ಯದ ಬಗ್ಗೆ ಕೇಂದ್ರ ಸರ್ಕಾರ ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಕೇಂದ್ರದ ಮುಂದಾಳತ್ವದಲ್ಲಿ ಹದಿನಾರು ಸಂಸ್ಥೆಗಳಿಗೆ ಸುಮಾರು 10 ಕೋಟಿಯ ಅಧ್ಯಯನ ವಹಿಸಿದೆ. ಸಂತೋಷ. ಆದರೆ ‘ಅಡಿಕೆ ನಿರ್ದೋಷಿ’ ಅಂತ ಬರೆಸಿಕೊಳ್ಳಲಿಕ್ಕೆ ಅಂತಲೇ ಸಂಶೋಧನೆ ಬೇಕೆಂದು ವೇದಿಕೆ ಮೇಲೆ ಗುಡುಗುವ ಪುಢಾರಿಗಳಿಗೆ ಒಂದು ಮಾತು. ಅಮೆರಿಕದ ಸಿಗರೇಟು ಕಂಪನಿಗಳು 1954ರಲ್ಲಿ ಇಂಥದೇ ಸಂಶೋಧನಾ ಸಮಿತಿ ಕಟ್ಟಿ ವಿಜ್ಞಾನಿಗಳಿಗೆ ದುಡ್ಡು ಸುರಿದವು. ಜನರಲ್ಲಿ ಸಂಶಯ ಬಿತ್ತುವುದೇ ಒಳಗಿನ ಹುನ್ನಾರ ಅಂತ ಆಮೇಲೆ ಬಯಲಾಯಿತು, ಮರ್ಯಾದೆ ಹೋಯಿತು. ಪ್ರಶ್ನೆಗೆ ದುಡ್ಡು ಕೊಡಬಹುದು, ಉತ್ತರಕ್ಕೆ ಕೊಡಬಾರದು.

ಐದು ರೂಪಾಯಿ ಲೆಕ್ಕ

1923ರಲ್ಲಿ ನಮ್ಮ ಹಿರಿಯರು ಶಿರಸಿಯಲ್ಲಿ ತೋಟಗಾರರ ಸೊಸೈಟಿ ಕಟ್ಟಿದಾಗ ಕೈಲಿ ದೊಡ್ಡ ಗಂಟು ಇರಲಿಲ್ಲ. ಹನಿ ಹನಿ ಕೂಡಿಸಿದರು. ಈಗಲೂ ಕ್ವಿಂಟಲ್ ಅಡಿಕೆಗೆ ಐದೇ ರೂಪಾಯಿ ಎತ್ತಿಟ್ಟರೆ ಒಂದು ಲಕ್ಷ ಕ್ವಿಂಟಲಿಗೆ ಐದು ಲಕ್ಷ. ತಿಂಗಳಿಗೆ 37 ಸಾವಿರದಂತೆ ಒಬ್ಬ ಸಂಶೋಧಕರ ವರ್ಷದ ಫೆಲೋಶಿಪ್ 4 ಲಕ್ಷ 44 ಸಾವಿರ. ಲೆಕ್ಕ ಕಣ್ಣಿಗೇ ಕಾಣ್ತದೆ. ಹಣ ನಮ್ಮದಿರಲಿ, ಆಯ್ಕೆ ಮಾಡುವವರು ಹೊರಗಿನ ತಜ್ಞರಿರಲಿ, ಬಂದ ಉತ್ತರ ಸಿಹಿಯೋ ಕಹಿಯೋ ಹಾಗೇ ಅಚ್ಚಾಗಲಿ.

ಕಹಿ ಉತ್ತರವೇ ಬಂದರೆ? ಆಗಲೂ ನಷ್ಟವಿಲ್ಲ. ಜಗಿಯದೆ ಅಡಿಕೆಯನ್ನು ಬೇರೆ ಯಾವುದಕ್ಕೆ ಬಳಸಬಹುದು, ತೋಟದಲ್ಲಿ ಜೊತೆಗೆ ಏನು ಹಾಕಬಹುದು ಅಂತ ಮಕ್ಕಳ ಕಾಲಕ್ಕೆ ಮುಂಚೆಯೇ ಯೋಚಿಸಬಹುದು. ಬಾಯಿ ಬಿಗಿದ ನೆರೆಮನೆಯ ಹುಡುಗನಿಗೆ ಔಷಧ ಸಿಕ್ಕಿದರೆ ಅದು ಬೇರೆ ಲಾಭ.

ಸೊಸೈಟಿಗಳ ವಾರ್ಷಿಕ ಸಭೆಯಲ್ಲಿ ಲಾಭಾಂಶದ ಬಗ್ಗೆ ಗಲಾಟೆ ಮಾಡುವ ಸದಸ್ಯರೇ, ಈ ಸಲ ಎದ್ದು ನಿಂತಾಗ ಈ ಐದು ರೂಪಾಯಿಯ ಮಾತನ್ನೂ ಒಮ್ಮೆ ಎತ್ತಿ ನೋಡಿ. ಅಧ್ಯಕ್ಷರು ಏನು ಉತ್ತರ ಕೊಡ್ತಾರೆ, ಕೇಳುವ.