ಇಂಗ್ಲಿಷಿನ ಪದದಾಟ ಮತ್ತು ನಮ್ಮ ಮನೆಮಾತು

ಹೊರನಾಡಿನಲ್ಲಿ ನೆಲೆನಿಂತ ಕನ್ನಡಿಗರ ಮನೆಗಳಲ್ಲಿ ರಜೆಯ ಮಧ್ಯಾಹ್ನಗಳು ಹೇಗೆ ಕಳೆಯುತ್ತವೆಂಬುದನ್ನು ವಾಚಕರಿಗೆ ನಾವು ಬಣ್ಣಿಸಿ ಹೇಳಬೇಕಾಗಿಲ್ಲ. ಚೌಕಾಬಾರ, ಕೇರಮ್‌ಗಳ ಜೊತೆಗೆ ಸ್ಕ್ರ್ಯಾಬಲ್ ಎಂಬ ಇಂಗ್ಲಿಷ್ ಪದದಾಟವೂ ಅನೇಕ ಮನೆಗಳ ಚಾಪೆಯ ಮೇಲೆ ಬಂದು ಕುಳಿತಿದೆ, ಮೊಬೈಲಿನೊಳಕ್ಕೂ ಹೊಕ್ಕಿದೆ. ಮಕ್ಕಳ ಇಂಗ್ಲಿಷು ಸುಧಾರಿಸೀತೆಂಬ ಆಸೆಯಿಂದ ತಾಯಿತಂದೆಗಳು ಇದಕ್ಕೆ ಧಾರಾಳವಾಗಿ ಅಪ್ಪಣೆ ಕೊಡುತ್ತಾರೆ. ಆದರೆ ಆಟಕ್ಕೆ ಬೇಕಾದ ವಿಚಿತ್ರ ಪದಗಳನ್ನು ಮಕ್ಕಳು ಮಗ್ಗಿಯಂತೆ ಉರುಹೊಡೆಯುವುದೇ ಹೆಚ್ಚು. “ಇದರ ಅರ್ಥವೇನಪ್ಪಾ?” ಎಂದು ಅಜ್ಜಿ ಕೇಳಿದರೆ, “ಅರ್ಥ ಯಾಕಜ್ಜಿ, ಅಂಕ ಬಂದರೆ ಸಾಕು” ಎಂಬ ಉತ್ತರ ಸಿದ್ಧವಾಗಿರುತ್ತದೆ. ಈ ಉತ್ತರವನ್ನು ನಾವು ಸ್ವಲ್ಪ ವಿಚಾರಿಸಿ ನೋಡುವುದು ಒಳ್ಳೆಯದು.

ಮೊದಲು ಆಟದ ಹುಟ್ಟನ್ನು ತಿಳಿಯೋಣ. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಕೆಲಸ ಕಳೆದುಕೊಂಡ ಆಲ್‌ಫ್ರೆಡ್ ಬಟ್ಸ್ ಎಂಬ ಅಮೆರಿಕದ ವಾಸ್ತುಶಿಲ್ಪಿ ಇದನ್ನು ರೂಪಿಸಿದನು. ವೃತ್ತಪತ್ರಿಕೆಯಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತದೆಂದು ಎಣಿಸಿ, ಅದಕ್ಕೆ ತಕ್ಕಂತೆ ಬಿಲ್ಲೆಗಳ ಸಂಖ್ಯೆಯನ್ನೂ ಅಂಕವನ್ನೂ ಗೊತ್ತುಮಾಡಿದನು. ದಿನವೆಲ್ಲ ಅಂಕಿಗಳನ್ನು ಕೂಡಿಸುವ ನಮ್ಮಂಥ ಗುಮಾಸ್ತರಿಗೆ ಆ ತಾಳ್ಮೆಯ ಬೆಲೆ ಚೆನ್ನಾಗಿ ಗೊತ್ತು. 1948ರಲ್ಲಿ ಜೇಮ್ಸ್ ಬ್ರುನೊ ಎಂಬವನು ಇದಕ್ಕೆ ಸ್ಕ್ರ್ಯಾಬಲ್ ಎಂಬ ಹೆಸರಿಟ್ಟನು. ಕೈಯಿಂದ ಕೆದಕುವುದು, ತಡಕಾಡುವುದು ಎಂದು ಆ ಮಾತಿನ ಅರ್ಥ. 225 ಮನೆಗಳ ಹಲಗೆ, 100 ಬಿಲ್ಲೆಗಳು, ಒಬ್ಬೊಬ್ಬರ ಕೈಯಲ್ಲಿ 7. ಏಳನ್ನೂ ಒಂದೇ ಸಲಕ್ಕೆ ಇಳಿಸಿದವರಿಗೆ 50 ಅಂಕಗಳ ಇನಾಮು.

ಅರ್ಥ ತಿಳಿಯದೆಯೂ ಗೆಲ್ಲಬಹುದೆಂಬ ಮಾತು ಸುಳ್ಳಲ್ಲ. ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್ ಎಂಬವರು ಫ್ರೆಂಚ್ ಮಾತನಾಡಲು ಬಾರದಿದ್ದರೂ ಆ ಭಾಷೆಯ ಪದಗಳನ್ನು ಕೆಲವೇ ವಾರಗಳಲ್ಲಿ ಕಂಠಪಾಠ ಮಾಡಿ, 2015ರಲ್ಲಿ ಫ್ರೆಂಚ್ ಸ್ಕ್ರ್ಯಾಬಲ್‌ನ ವಿಶ್ವ ಪಂದ್ಯವನ್ನೇ ಗೆದ್ದರು; 2024ರಲ್ಲಿ ಸ್ಪ್ಯಾನಿಷ್ ಪಂದ್ಯವನ್ನೂ ಗೆದ್ದರು. ಆದರೆ ಅಂಥ ಜ್ಞಾಪಕಶಕ್ತಿ ಎಷ್ಟು ಜನರಿಗುಂಟು? ನಮ್ಮಂಥ ಸಾಧಾರಣರಿಗೆ ಅರ್ಥವೆಂಬುದು ಪದವನ್ನು ಮನಸ್ಸಿನಲ್ಲಿ ಕಟ್ಟಿಹಾಕುವ ಹಗ್ಗ.

ಎರಡಕ್ಷರದ ಪದಗಳನ್ನೇ ನೋಡಿ. ಕಾಲಿನ್ಸ್ ಸಂಸ್ಥೆಯವರ 2019ರ ಪಟ್ಟಿಯಲ್ಲಿ ಇವು 127 ಇದ್ದವು. ಎ-ಐ ಎಂದರೆ ದಕ್ಷಿಣ ಅಮೆರಿಕದ, ಮೂರು ಬೆರಳಿನ ಸೋಮಾರಿ ಪ್ರಾಣಿ. ಎ-ಎ ಎಂದರೆ ಹವಾಯಿಯ ಒರಟಾದ ಲಾವಾಕಲ್ಲು. ಜೆಡ್-ಓ ಎಂದರೆ ಯಾಕ್ ಮತ್ತು ಹಸುಗಳ ಮಿಶ್ರತಳಿಯ ದನ; ಹಿಮಾಲಯದ ಕಡೆಯದು. ಇವೆಲ್ಲ ನಾಮಪದಗಳೆಂದು ತಿಳಿದವನು ಕೊನೆಯಲ್ಲಿ ಎಸ್ ಸೇರಿಸಿ ಬಹುವಚನ ಮಾಡಲು ಹೆದರುವುದಿಲ್ಲ. ‘ಹ್ಯೂಜ್’ ಎಂಬುದು ಗುಣವಾಚಕವೆಂದು ತಿಳಿದವನು ಅದಕ್ಕೆ ಎಸ್ ಅಂಟಿಸಿ ಆಟ ಕೆಡಿಸಿಕೊಳ್ಳುವುದೂ ಇಲ್ಲ. ಸಿ-ಡಬ್ಲ್ಯು-ಎಂ ಎಂಬ, ಸ್ವರವೇ ಇಲ್ಲದಂತೆ ಕಾಣುವ ಪದವುಂಟು. ಅದು ವೇಲ್ಸ್ ದೇಶದ ಮಾತು, ಕಣಿವೆ ಎಂದು ಅರ್ಥ. ಆ ಭಾಷೆಯಲ್ಲಿ ಡಬ್ಲ್ಯು ಅಕ್ಷರವೇ ಉಕಾರದ ಕೆಲಸ ಮಾಡುತ್ತದೆಂದು ತಿಳಿದರೆ ವಿಚಿತ್ರವೆಲ್ಲ ಕರಗಿಹೋಗುತ್ತದೆ.

ಇನ್ನು ಎಲ್ಲರನ್ನೂ ಕಾಡುವ ಅಕ್ಷರ ಕ್ಯೂ. ಅದಕ್ಕೆ 10 ಅಂಕ. ಆದರೆ ಇಂಗ್ಲಿಷಿನಲ್ಲಿ ಅದು ಸಾಮಾನ್ಯವಾಗಿ ಯು ಜೊತೆಯಿಲ್ಲದೆ ಹೊರಡುವುದಿಲ್ಲ. ಯು ಬಿಲ್ಲೆಗಳು ನಾಲ್ಕೇ. ಆಟ ಮುಗಿದಾಗ ಕ್ಯೂ ಕೈಯಲ್ಲೇ ಉಳಿದರೆ ಅದರ ಅಂಕವನ್ನು ಕಳೆಯುತ್ತಾರೆ. ಇಂಥ ಸಂಕಟದಲ್ಲಿ ಯು ಇಲ್ಲದ ಪದಗಳು ಬೇಕು. ಯಾವುವು ಅವು? ಫಕೀರ್, ತಲಾಕ್, ಖವ್ವಾಲಿ! ಹೈದರಾಬಾದಿನಲ್ಲೋ ದೆಹಲಿಯಲ್ಲೋ ಬೆಳೆದ ನಮ್ಮ ಮಕ್ಕಳು ಇವನ್ನು ಬೀದಿಯಲ್ಲಿ ಕೇಳಿಯೇ ಬಲ್ಲರು. ಅರಬ್ಬಿ ಮೂಲದ ಈ ಮಾತುಗಳಲ್ಲಿ ಗಂಟಲಿನ ಆಳದಿಂದ ಹೊರಡುವ ಕಕಾರವೊಂದುಂಟು. ಉರ್ದುವಿನಲ್ಲಿ ಅದಕ್ಕೆ ಬೇರೆಯೇ ಅಕ್ಷರ. ಅದನ್ನೇ ಇಂಗ್ಲಿಷಿನವರು ಕ್ಯೂ ಎಂದು ಬರೆದರು. ಫಕೀರ್ ಪದವನ್ನು ಕೆ ಹಾಕಿಯೂ ಬರೆಯಬಹುದು. ಕಿವಿಗೆ ಬಿದ್ದಂತೆ ಬರೆದುಕೊಂಡುದರಿಂದ ಒಂದೇ ಮಾತಿಗೆ ಎರಡು ಮೂರು ಕಾಗುಣಿತ ಉಂಟಾಯಿತು. ಆಟಗಾರನಿಗೆ ಅದೇ ಲಾಭ.

ಅಡಿಗೆಮನೆಗೆ ಬಂದರೆ ಸಂಪತ್ತು ಇನ್ನೂ ಹೆಚ್ಚು. ದೋಸೆ, ರಾಗಿ, ತುಪ್ಪಕ್ಕೆ ‘ಘೀ’, ಬೇಳೆಗೆ ‘ದಾಲ್’, ಇವೆಲ್ಲ ಪದದಾಟದ ಪಟ್ಟಿಯಲ್ಲಿವೆ. ಸೀರೆ, ಧೋತಿ, ವೀಣೆ, ರಾಗ, ತಾಳಗಳೂ ಇವೆ. ನಮ್ಮ ಕಚೇರಿಯ ಕಡತಗಳಲ್ಲಿ ಓಡಾಡುವ ಲಕ್ಷ, ಕೋಟಿಗಳು ‘ಲಾಖ್’, ‘ಕ್ರೋರ್’ ಎಂಬ ವೇಷದಲ್ಲಿ ಅಲ್ಲಿಯೂ ಹಾಜರು. ಕೆಲವು ಪದಗಳಂತೂ ಬಿಡಿಸಿದರೆ ಕನ್ನಡದಂತೆಯೇ ಕೇಳಿಸುತ್ತವೆ. ‘ಕ್ಯಾಟಮರಾನ್’ ತಮಿಳಿನ ಕಟ್ಟುಮರ. ಕಟ್ಟು, ಮರ ಎರಡೂ ನಮ್ಮ ಮಾತುಗಳಲ್ಲವೆ? ‘ಬ್ಯಾಂಡಿಕೂಟ್’ ತೆಲುಗಿನ ಪಂದಿಕೊಕ್ಕು, ಎಂದರೆ ನಮ್ಮ ಹೆಗ್ಗಣ. ತೆಲುಗಿನ ಪಂದಿಯೇ ಹಳಗನ್ನಡದ ಪಂದಿ, ಈಗಿನ ಹಂದಿ.

ನಾವು ಹೇಳಬೇಕಾದ ಮುಖ್ಯ ಮಾತು ಇದೇ. ಹೊರನಾಡಿನಲ್ಲಿ ಬೆಳೆಯುವ ಮಗುವಿಗೆ, ಕನ್ನಡ ಮನೆಯೊಳಗಿನ ಮಾತು, ಅದರಿಂದ ಇಂಗ್ಲಿಷಿಗೆ ಅಡ್ಡಿಯೇ ಹೊರತು ಉಪಯೋಗವಿಲ್ಲ ಎಂಬ ಭಾವನೆ ಬಲುಬೇಗ ಬೇರೂರುತ್ತದೆ. ಶಾಲೆಯೂ ನೆರೆಹೊರೆಯೂ ಅದಕ್ಕೆ ನೀರೆರೆಯುತ್ತವೆ. ಅಜ್ಜಿಗೆ ಇಂಗ್ಲಿಷು ಬಾರದೆಂದು ಮೊಮ್ಮಕ್ಕಳು ಆಟಕ್ಕೆ ಕರೆಯುವುದಿಲ್ಲ. ಆದರೆ ರಾಗಿ ಎಂದರೇನು, ವೀಣೆಗೆ ಎಷ್ಟು ತಂತಿ, ಹೆಗ್ಗಣ ಎಷ್ಟು ದಪ್ಪ ಎಂಬುದನ್ನು ಆ ಅಜ್ಜಿಗಿಂತ ಚೆನ್ನಾಗಿ ಯಾವ ನಿಘಂಟು ಹೇಳೀತು?

ಆದುದರಿಂದ ವಾಚಕರಲ್ಲಿ ನಮ್ಮ ಸೂಚನೆ ಹೀಗಿದೆ. ಆಟಕ್ಕೆ ಮೊದಲು ಯಾವ ಪದಪಟ್ಟಿ ಪ್ರಮಾಣವೆಂದು ಗೊತ್ತುಮಾಡಿಕೊಳ್ಳಿರಿ. ಅಮೆರಿಕದವರ ಪಟ್ಟಿಗೂ ಕಾಲಿನ್ಸ್ ಪಟ್ಟಿಗೂ ವ್ಯತ್ಯಾಸವುಂಟು, ಜಗಳಕ್ಕೆ ಎಡೆಯಾಗಬಾರದು. ಪಕ್ಕದಲ್ಲೊಂದು ನೋಟ್‌ಬುಕ್ಕು ಇರಲಿ. ಹೊಸ ಪದ ಬಿದ್ದಾಗಲೆಲ್ಲ ಅದರ ಅರ್ಥವನ್ನು ಕನ್ನಡದಲ್ಲಿ ಒಂದು ಸಾಲು ಬರೆಯುವ ಕೆಲಸ ಮಕ್ಕಳದು; ಅದಕ್ಕೆ ಸರಿಯಾದ ಕನ್ನಡ ಮಾತು ಹುಡುಕಿಕೊಡುವ ಕೆಲಸ ಹಿರಿಯರದು. ಹೀಗೆ ವರ್ಷವೊಂದು ನಡೆದರೆ ನೋಟ್‌ಬುಕ್ಕು ತುಂಬುತ್ತದೆ, ಮಕ್ಕಳ ಇಂಗ್ಲಿಷು ಬೆಳೆಯುತ್ತದೆ, ಕನ್ನಡವೂ ಅದರ ಬೆನ್ನಿಗೇ ಬರುತ್ತದೆ. ಮುಂದಿನ ರಜೆಗೇ ಪ್ರಾರಂಭಿಸಿ ನೋಡಿರಿ. ಚಾಪೆಯ ಮೇಲೆ ಅಜ್ಜಿಗೂ ಒಂದಿಷ್ಟು ಜಾಗವಿರಲಿ.