ಪಹಣಿಯಲ್ಲಿ ಹೆಸರಿಲ್ಲವೆಂದು ಎದೆಗುಂದಬೇಡಿರಿ

ಮುಂಬಯಿಯ ಹೋಟೆಲುಗಳಲ್ಲಿಯೂ ಕಚೇರಿಗಳಲ್ಲಿಯೂ ದುಡಿಯುವ ನಮ್ಮ ಬಾಂಧವರ ಮನಸ್ಸನ್ನು ಹೆಚ್ಚು ಕದಡುವುದು ಊರಿನ ಜಮೀನಿನ ಸುದ್ದಿ. ತಂದೆಯ ಮರಣಶಾಸನವನ್ನು ಹಿಡಿದು ಸಲ್ಲಿಸಿದ ಹಕ್ಕು ಬದಲಾವಣೆಯ ಅರ್ಜಿಯು ದಾಯಾದಿಗಳ ತಕರಾರಿನಿಂದ ತಿರಸ್ಕೃತವಾದೊಡನೆ, ಭೂಮಿಯೇ ಕೈಬಿಟ್ಟಿತೆಂದು ಹಲವರು ಸುಮ್ಮನಾಗುತ್ತಾರೆ. ಇದು ಸರಿಯಲ್ಲವೆಂದು ನಾವು ಒತ್ತಿ ಹೇಳಬಯಸುತ್ತೇವೆ.

ಪಹಣಿಯು ಕಂದಾಯದ ದಾಖಲೆ. ಅದು ಒಡೆತನವನ್ನು ಕೊಡುವುದೂ ಇಲ್ಲ, ಕಸಿಯುವುದೂ ಇಲ್ಲ. ಸುಪ್ರೀಂ ಕೋರ್ಟು 1996ರಲ್ಲಿಯೂ 2021ರಲ್ಲಿಯೂ ಇದನ್ನೇ ಸಾರಿದೆ. ಆದರೂ ಕರ್ನಾಟಕದ 1964ರ ಭೂಕಂದಾಯ ಅಧಿನಿಯಮದ 133ನೆಯ ಕಲಮಿನಂತೆ, ತಪ್ಪೆಂದು ರುಜುವಾತಾಗುವವರೆಗೆ ಅದರ ನಮೂದು ನಿಜವೆಂದೇ ಎಣಿಸಲ್ಪಡುವುದರಿಂದ ಅಲಕ್ಷ್ಯವು ಸಲ್ಲದು.

ತಹಶೀಲ್ದಾರರ ಆಜ್ಞೆ ತಲಪಿದ 60 ದಿನಗಳೊಳಗೆ ಉಪವಿಭಾಗಾಧಿಕಾರಿಗಳಲ್ಲಿ ಮೇಲ್ಮನವಿ ಸಲ್ಲಿಸಬಹುದು, ಮುಂದೆ ಜಿಲ್ಲಾಧಿಕಾರಿಗಳಿದ್ದಾರೆ. ಆದರೆ ಮರಣಶಾಸನವು ನಿಜವೋ ಸುಳ್ಳೋ ಎಂಬುದನ್ನು ನಿರ್ಣಯಿಸತಕ್ಕದ್ದು ಸಿವಿಲ್ ನ್ಯಾಯಾಲಯವೇ. ಅಲ್ಲಿ ಪಹಣಿಯನ್ನು ತಿದ್ದಿಸಿಕೊಡಿರೆಂದು ಸರಕಾರದ ಮೇಲೆ ದಾವೆ ಹೂಡಿದರೆ 135ನೆಯ ಕಲಮು ಅಡ್ಡ ಬರುತ್ತದೆ. ಹಕ್ಕನ್ನು ಅಲ್ಲಗಳೆಯುವವರ ಮೇಲೆಯೇ ಹಕ್ಕು ಘೋಷಣೆಯ ದಾವೆ ಹೂಡಬೇಕು; ಜಮೀನು ಅನ್ಯರ ಕೈಯಲ್ಲಿದ್ದರೆ ಸ್ವಾಧೀನವನ್ನೂ ಕೇಳಬೇಕು. ಘೋಷಣೆಯ ದಾವೆಗೆ ಅವಧಿ, ಹಕ್ಕು ಅಲ್ಲಗಳೆಯಲ್ಪಟ್ಟಂದಿನಿಂದ 3 ವರ್ಷ. ಡಿಕ್ರಿಯಾದ ಬಳಿಕ ಪಹಣಿಯು ಅದರಂತೆ ತಿದ್ದಲ್ಪಡುವುದು.

ಮರಣಶಾಸನಕ್ಕೆ ಸಾಕ್ಷಿ ಹಾಕಿದವರಲ್ಲಿ ಒಬ್ಬರಾದರೂ ನ್ಯಾಯಾಲಯದಲ್ಲಿ ನುಡಿಯಬೇಕಾಗುತ್ತದೆ. ಅವರು ಸಾಮಾನ್ಯವಾಗಿ ಊರಿನ ವೃದ್ಧರು. ನಿಮ್ಮ ರಜೆಗಾಗಿ ಅವರ ಆಯುಸ್ಸು ಕಾಯದು. ಆಜ್ಞೆಯ ದೃಢೀಕೃತ ನಕಲು, ಮೂಲ ಮರಣಶಾಸನ, ಕಂದಾಯದ ರಶೀದಿಗಳನ್ನು ಇಂದೇ ಕೂಡಿಸಿರಿ. ಬಿಡುವಿಲ್ಲದಿದ್ದರೆ ನಂಬಿಗಸ್ತರಿಗೆ ಮುಕ್ತ್ಯಾರನಾಮೆ ಕೊಟ್ಟು ಊರಿನ ವಕೀಲರನ್ನು ಕಾಣಿಸಿರಿ. ಬೆವರು ಸುರಿಸಿ ತಂದೆತಾಯಂದಿರು ಉಳಿಸಿದ ಮಣ್ಣು ಬರಿಯ ಉದಾಸೀನದಿಂದ ಕೈಜಾರದಿರಲೆಂಬುದೇ ನಮ್ಮ ಹಾರೈಕೆ.