ಎಂಟು ಕಸುಬು, ಒಂದೇ ಪಾತ್ರ: ಫೈನಲ್ ಫ್ಯಾಂಟಸಿ 14ರ ಕ್ರಾಫ್ಟಿಂಗ್ ಬಗ್ಗೆ ತಪ್ಪು ತಿಳಿವಳಿಕೆಗಳು

ಫೈನಲ್ ಫ್ಯಾಂಟಸಿ 14 ಎಂಬ ಆನ್‌ಲೈನ್ ಗೇಮಿನಲ್ಲಿ ಕತ್ತಿ ಹಿಡಿದು ಕಾದಾಡುವುದಷ್ಟೇ ಇಲ್ಲ. ಬಡಗಿ, ಕಮ್ಮಾರ, ಕವಚ ಮಾಡುವವ, ಅಕ್ಕಸಾಲಿ, ಚರ್ಮದ ಕೆಲಸಗಾರ, ನೇಕಾರ, ರಸವಾದಿ, ಬಾಣಸಿಗ ಹೀಗೆ ಎಂಟು ಕೈಕಸುಬುಗಳೂ ಇವೆ. ಪ್ರತಿಯೊಂದಕ್ಕೂ ಅದರದೇ ಲೆವೆಲ್. 2024ರ ಜುಲೈನಲ್ಲಿ ಡಾನ್‌ಟ್ರೇಲ್ ವಿಸ್ತರಣೆ ಬಂದ ಮೇಲೆ ಅದರ ಮಿತಿ 100. ಈ ಪಟ್ಟಿ ನೋಡಿಯೇ ಎಷ್ಟೋ ಹೊಸಬರು ಕ್ರಾಫ್ಟಿಂಗ್ ಸಹವಾಸ ಬೇಡ ಎಂದು ದೂರ ಉಳಿಯುತ್ತಾರೆ. ಅದು ನನಗೆ ನಿಜಕ್ಕೂ ಬೇಸರದ ಸಂಗತಿ. ಗೇಮಿನ ಅತ್ಯಂತ ನೆಮ್ಮದಿಯ ಭಾಗ ಅವರ ಕೈತಪ್ಪುತ್ತದೆ, ಅದೂ ಹಳತಾದ ಅಥವಾ ಬೇರೆ ಗೇಮಿನಿಂದ ಬಂದ ಮಾತುಗಳನ್ನು ನಂಬಿದ್ದರಿಂದ.

ತಪ್ಪು ಕಲ್ಪನೆ: ಒಂದೋ ಎರಡೋ ಕಸುಬನ್ನು ಮಾತ್ರ ಆರಿಸಿಕೊಳ್ಳಬೇಕು

ಇದು ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಡಿದವರು ತಂದ ನಂಬಿಕೆ. ಅಲ್ಲಿ ಒಂದು ಪಾತ್ರಕ್ಕೆ ಎರಡೇ ಮುಖ್ಯ ವೃತ್ತಿಗಳು. ಇಲ್ಲಿ ಅಂಥ ಕಟ್ಟು ಇಲ್ಲ. ಒಂದೇ ಪಾತ್ರ ಎಂಟನ್ನೂ ಕಲಿಯಬಹುದು, ಜತೆಗೆ ಗಣಿಗಾರಿಕೆ, ಸಸ್ಯ ಸಂಗ್ರಹ, ಮೀನುಗಾರಿಕೆಗಳನ್ನೂ ಸೇರಿಸಿಕೊಳ್ಳಬಹುದು. ಮೊದಲು ಆರಿಸಿಕೊಂಡ ಕ್ಲಾಸಿನ 10ನೇ ಲೆವೆಲ್ ಕ್ವೆಸ್ಟ್ ಮುಗಿಸಿದರೆ ಈ ಕಸುಬುಗಳನ್ನು ಕಲಿಸುವ ಗಿಲ್ಡ್‌ಗಳ ಬಾಗಿಲು ತೆರೆದಂತೆ. ಮೂರೇ ಕಸುಬು ಎಂಬ ಮಿತಿ ಇರುವುದು ‘ಸ್ಪೆಷಲಿಸ್ಟ್’ ಪದವಿಗೆ ಮಾತ್ರ. ಅದು ಮೇಲಿನ ಹಂತದ ಒಂದು ಸಣ್ಣ ಅನುಕೂಲವೇ ಹೊರತು ಉಳಿದ ಐದು ಕಸುಬುಗಳಿಗೆ ತಡೆಯಲ್ಲ.

ತಪ್ಪು ಕಲ್ಪನೆ: ಎಂಟು ಕಸುಬೆಂದರೆ ಎಂಟು ಪಟ್ಟು ಖರ್ಚು, ಎಂಟು ಪಟ್ಟು ಕಲಿಕೆ

ಖರ್ಚಿನ ಮಾತು ಮೊದಲು. ತಲೆಗೆ, ಮೈಗೆ, ಕೈಗೆ, ಕಾಲಿಗೆ ಹಾಕುವ ಉಡುಪು, ಕಿವಿಯೋಲೆ, ಉಂಗುರ ಎಲ್ಲವೂ ಎಂಟು ಕಸುಬಿಗೂ ಸಾಮಾನ್ಯ. ಬೇರೆ ಬೇರೆಯಾಗಿ ಬೇಕಾದದ್ದು ಎರಡು ಕೈಗಳ ಉಪಕರಣಗಳು ಮಾತ್ರ. ನೇಕಾರನಿಗೆಂದು ಹೊಲಿಸಿದ ಅಂಗಿಯನ್ನೇ ಮರುಕ್ಷಣ ಕಮ್ಮಾರನಾಗಿ ತೊಡಬಹುದು.

ಕಲಿಕೆಯದೂ ಹಾಗೆಯೇ. ಇವತ್ತು ಎಂಟೂ ಕಸುಬುಗಳು ಅದೇ ಕೌಶಲಗಳನ್ನು ಅದೇ ಲೆವೆಲ್‌ಗಳಲ್ಲಿ ಕಲಿಯುತ್ತವೆ. ವಸ್ತುವಿನ ಬಾಳಿಕೆ ಮುಗಿಯುವುದರೊಳಗೆ ಗುಣಮಟ್ಟ ಏರಿಸಿ ಕೆಲಸ ಪೂರೈಸುವುದು ಹೇಗೆಂದು ಒಂದರಲ್ಲಿ ಅರಿತರೆ ಉಳಿದ ಏಳರಲ್ಲೂ ಅರಿತಂತೆ. ಒಂದು ಕಸುಬಿಗೆ ಬರೆದಿಟ್ಟ ಮ್ಯಾಕ್ರೊ, ಅಂದರೆ ಕೌಶಲಗಳನ್ನು ಸಾಲಾಗಿ ತಾನೇ ನಡೆಸುವ ಆದೇಶಪಟ್ಟಿ, ಅದೇ ಹಂತದ ಇನ್ನೊಂದರಲ್ಲೂ ನಡೆಯುತ್ತದೆ. ಕೈ ಪಳಗಿಸಿಕೊಳ್ಳಲು ‘ಟ್ರಯಲ್ ಸಿಂಥೆಸಿಸ್’ ಇದೆ, ಅದರಲ್ಲಿ ಒಂದು ಕಡ್ಡಿಯಷ್ಟು ಸಾಮಗ್ರಿಯೂ ಖರ್ಚಾಗುವುದಿಲ್ಲ.

ತಪ್ಪು ಕಲ್ಪನೆ: ಬಡಗಿಯನ್ನು ಮೊದಲು 50ಕ್ಕೆ ತರಲೇಬೇಕು

ಹಳಬರ ಬಾಯಲ್ಲಿ ಇನ್ನೂ ಓಡಾಡುತ್ತಿರುವ ಸಲಹೆ ಇದು. ಒಂದು ಕಾಲಕ್ಕೆ ನೂರಕ್ಕೆ ನೂರು ಸರಿಯಿತ್ತು. 2013ರಲ್ಲಿ ‘ಎ ರೆಲ್ಮ್ ರಿಬಾರ್ನ್’ ಆಗಿ ಗೇಮ್ ಮರುಹುಟ್ಟು ಪಡೆದಾಗ ಒಳ್ಳೊಳ್ಳೆಯ ಕೌಶಲಗಳು ಬೇರೆ ಬೇರೆ ಕಸುಬುಗಳಲ್ಲಿ ಹಂಚಿಹೋಗಿದ್ದವು. ಗುಣಮಟ್ಟವನ್ನು ಒಮ್ಮೆಲೇ ಮೇಲೆತ್ತುವ ‘ಬೈರೆಗಾಟ್ಸ್ ಬ್ಲೆಸಿಂಗ್’ ಬೇಕೆಂದರೆ ಬಡಗಿಯಾಗಿ 50 ಮುಟ್ಟಬೇಕಿತ್ತು. ‘ಸ್ಟೆಡಿ ಹ್ಯಾಂಡ್ 2’ ಬೇಕೆಂದರೆ ಬಾಣಸಿಗನಾಗಿ 37, ‘ವೇಸ್ಟ್ ನಾಟ್’ಗೆ ಚರ್ಮದ ಕೆಲಸದಲ್ಲಿ 15. ಅಕ್ಕಸಾಲಿಯಾಗುವ ಆಸೆ ಇದ್ದವರು ಇವನ್ನೆಲ್ಲ ಸುತ್ತಿಕೊಂಡು ಬಂದೇ ಅಕ್ಕಸಾಲಿಯಾಗಬೇಕಿತ್ತು. 2019ರ ಬದಲಾವಣೆಗಳಲ್ಲಿ ಒಂದು ಕಸುಬಿನ ಕೌಶಲವನ್ನು ಇನ್ನೊಂದಕ್ಕೆ ಸಾಲ ತರುವ ಈ ಪದ್ಧತಿ ಹೋಯಿತು. ಈಗ ಬೈರೆಗಾಟ್ಸ್ ಬ್ಲೆಸಿಂಗ್ 50ರಲ್ಲಿ ಎಲ್ಲರಿಗೂ ಸಿಗುತ್ತದೆ.

ಹಾಗಾದರೆ ಎಂಟನ್ನೂ ಬೆಳೆಸುವ ಅಗತ್ಯವೇ ಉಳಿದಿಲ್ಲವಲ್ಲ ಎಂದು ಕೇಳಬಹುದು. ಕಡ್ಡಾಯ ಉಳಿದಿಲ್ಲ, ನಿಜ. ಆದರೆ ಲಾಭ ಉಳಿದಿದೆ, ಅದೂ ಚಿಕ್ಕದಲ್ಲ.

ತಪ್ಪು ಕಲ್ಪನೆ: ಒಂದನ್ನು ಪೂರ್ತಿ ಮುಗಿಸಿದ ಮೇಲೆಯೇ ಇನ್ನೊಂದಕ್ಕೆ ಕೈ ಹಾಕಬೇಕು

ನನ್ನ ದೃಷ್ಟಿಯಲ್ಲಿ ಅತಿ ಹೆಚ್ಚು ಸಮಯ ಹಾಳು ಮಾಡುವ ನಂಬಿಕೆ ಇದೇ. ಈ ಎಂಟು ಕಸುಬುಗಳು ಒಂದೇ ಕೇರಿಯ ಮನೆಗಳಂತೆ, ಒಂದರ ಅಂಗಳದಿಂದ ಇನ್ನೊಂದಕ್ಕೆ ಸಾಮಾನು ಹೋಗುತ್ತಲೇ ಇರುತ್ತದೆ. ಈಟಿ ಮಾಡುವ ಬಡಗಿಗೆ ಮರದ ಜತೆ ಲೋಹ ಬೇಕು. ಚರ್ಮದವನಿಗೆ ನೂಲು ಬೇಕು. ಗರಗಸ, ಗುದ್ದಲಿ, ಸುತ್ತಿಗೆಗಳು ಕಮ್ಮಾರನಿಂದ ಬರಬೇಕು. ಬಾಣಸಿಗನ ಬಾಣಲೆ ಮಾಡುವವನು ಕವಚದವನು. ಹೆಚ್ಚುಕಡಿಮೆ ಸ್ವತಂತ್ರವಾಗಿ ಸಾಗುವುದು ಅಡುಗೆ ಮಾತ್ರ. ಆದರೆ ಆ ಊಟ ಉಳಿದ ಏಳರ ಅನುಭವದ ಅಂಕಗಳನ್ನು ನೂರಕ್ಕೆ 3ರಷ್ಟು ಹೆಚ್ಚಿಸುತ್ತದೆ. ಒಬ್ಬನನ್ನೇ 60ರವರೆಗೆ ಒಯ್ದರೆ ಮಿಕ್ಕ ಏಳು ಮನೆಯ ಸಾಮಾನನ್ನು ದುಡ್ಡು ಕೊಟ್ಟು ತರಬೇಕಾಗುತ್ತದೆ. ಎಲ್ಲರನ್ನೂ ಹತ್ತು ಹತ್ತು ಲೆವೆಲ್‌ಗಳಂತೆ ಒಟ್ಟಿಗೆ ಮೇಲೆತ್ತಿದರೆ ಅದೇ ಸಾಮಾನು ಮಾಡುವಾಗಲೇ ಲೆವೆಲ್ ಏರುತ್ತದೆ.

ಇದಕ್ಕಿಂತ ಬಲವಾದ ಕಾರಣ ಇನ್ನೊಂದಿದೆ. ಆಟಗಾರ ಸೇರುವ ಸೇನೆಯಾದ ಗ್ರ್ಯಾಂಡ್ ಕಂಪನಿಗೆ ಸಾಮಾನು ಒಪ್ಪಿಸುವ ನಿತ್ಯದ ಕೆಲಸದಲ್ಲಿ ಪ್ರತಿ ಕಸುಬಿಗೆ ದಿನಕ್ಕೆ ಒಂದೇ ಬೇಡಿಕೆ, ಸಿಗುವ ಅನುಭವ ಮಾತ್ರ ಧಾರಾಳ. ಒಂದೇ ಕಸುಬು ಹಿಡಿದವರು ದಿನವೂ ಏಳು ಅವಕಾಶ ಬಿಟ್ಟುಕೊಡುತ್ತಾರೆ. ನಿನ್ನೆ ಬಿಟ್ಟದ್ದು ಇವತ್ತು ಸಿಗುವುದಿಲ್ಲ. ಪಟ್ಟಿ ಬದಲಾಗುವುದು ನಮ್ಮ ಗಡಿಯಾರದಲ್ಲಿ ನಡುರಾತ್ರಿ 1.30ಕ್ಕೆ. ಹಾಗಾಗಿ ನಮ್ಮಲ್ಲಿ ಸಂಜೆ ಕೆಲಸ ಮುಗಿಸಿ ಆಡುವವರಿಗೆ ಆ ದಿನದ ಪಟ್ಟಿಯನ್ನು ಸಾವಧಾನವಾಗಿ ಮುಗಿಸುವಷ್ಟು ಹೊತ್ತು ಇರುತ್ತದೆ.

ಗೇಮ್ ಕಟ್ಟುವವರ ಆಲೋಚನೆಯೂ ಇದೇ ದಿಕ್ಕಿನಲ್ಲಿ ಸಾಗಿದೆ. 70ರವರೆಗೆ ಪ್ರತಿ ಕಸುಬಿಗೆ ಅದರದೇ ಕಥೆ. 2019ರ ಶ್ಯಾಡೋಬ್ರಿಂಗರ್ಸ್ ವಿಸ್ತರಣೆಯಿಂದ ಕಮ್ಮಾರ, ಕವಚದವನು, ಅಕ್ಕಸಾಲಿ ಮೂವರಿಗೂ ಒಂದೇ ಕಥೆ. ಬಡಗಿ, ಚರ್ಮದವನು, ನೇಕಾರರಿಗೆ ಇನ್ನೊಂದು. ರಸವಾದಿಗೂ ಬಾಣಸಿಗನಿಗೂ ಮತ್ತೊಂದು.

ತಪ್ಪು ಕಲ್ಪನೆ: ಒಂದೇ ವಸ್ತುವನ್ನು ನೂರು ಸಲ ಮಾಡುವುದೇ ದಾರಿ

ಯಾವುದೇ ವಸ್ತುವನ್ನು ಮೊದಲ ಸಲ ಮಾಡಿದಾಗ ಹೆಚ್ಚುವರಿ ಅನುಭವ ಸಿಗುತ್ತದೆ. ಆದ್ದರಿಂದ ಆರಂಭದ ಲೆವೆಲ್‌ಗಳಲ್ಲಿ ಪಟ್ಟಿಯಲ್ಲಿರುವ ಎಲ್ಲವನ್ನೂ ಒಂದೊಂದು ಸಲ ಮಾಡಿಬಿಡುವುದು ಒಳ್ಳೆಯದು. ಆಮೇಲೆ ‘ಲೀವ್’ ಎಂಬ ಗುತ್ತಿಗೆ ಕೆಲಸಗಳಿವೆ. ಇವಕ್ಕೆ ಬೇಕಾದ ಪರವಾನಗಿ 12 ಗಂಟೆಗೆ 3ರಂತೆ ಬರುತ್ತದೆ, 100ರವರೆಗೆ ಕೂಡಿಡಬಹುದು. ಉತ್ತಮ ಗುಣಮಟ್ಟದ ವಸ್ತು ಒಪ್ಪಿಸಿದರೆ ಪ್ರತಿಫಲ ಇಮ್ಮಡಿ. ಈ 100 ಎಂಟು ಕಸುಬಿಗೂ ಸೇರಿ ಇರುವ ಗಂಟು. ಹಾಗಾಗಿ ಸಮನಾಗಿ ಹಂಚುವ ಬದಲು ಹಿಂದೆ ಬಿದ್ದ ಕಸುಬಿಗೆ ಖರ್ಚು ಮಾಡಿ ಎನ್ನುತ್ತೇನೆ. 20 ದಾಟಿದ ಕಸುಬುಗಳಿಗೆ ಇಷ್‌ಗಾರ್ಡ್ ನಗರದ ಮರುನಿರ್ಮಾಣದ ಕೆಲಸ ಒಳ್ಳೆಯ ಆಸರೆ, ಆದರೆ ಅಲ್ಲಿಗೆ ಹೋಗಲು ಹೆವೆನ್ಸ್‌ವರ್ಡ್ ವಿಸ್ತರಣೆಯ ಕಥೆಯಲ್ಲಿ ಬಹುದೂರ ಸಾಗಿರಬೇಕು. 60ರ ಆಸುಪಾಸಿನಲ್ಲಿ ಗಿರಾಕಿಗಳಿಗೆ ವಸ್ತು ಮಾಡಿ ಒಪ್ಪಿಸುವ ‘ಕಸ್ಟಮ್ ಡೆಲಿವರಿ’ ಸೇರುತ್ತದೆ. ವಾರಕ್ಕೆ ಒಟ್ಟು 12, ಒಬ್ಬ ಗಿರಾಕಿಗೆ 6. ಹೊಸ ವಾರ ಶುರುವಾಗುವುದು ನಮಗೆ ಮಂಗಳವಾರ ಮಧ್ಯಾಹ್ನ 1.30ಕ್ಕೆ.

ತಪ್ಪು ಕಲ್ಪನೆ: ಕಚ್ಚಾ ಸಾಮಗ್ರಿಯೂ ಉತ್ತಮ ಗುಣಮಟ್ಟದ್ದೇ ಆಗಿರಬೇಕು

2021ರ ಡಿಸೆಂಬರ್‌ನ ಎಂಡ್‌ವಾಕರ್ ವಿಸ್ತರಣೆಯೊಂದಿಗೆ ಗಣಿ, ಕಾಡುಗಳಿಂದ ತರುವ ಸಾಮಗ್ರಿಯಲ್ಲಿ ಸಾಮಾನ್ಯ, ಉತ್ತಮ ಎಂಬ ಭೇದವನ್ನೇ ತೆಗೆದುಹಾಕಲಾಯಿತು.

ತಪ್ಪು ಕಲ್ಪನೆ: ಉಚಿತ ಟ್ರಯಲ್‌ನಲ್ಲಿ ಕ್ರಾಫ್ಟಿಂಗ್ ದಂಡ

ಟ್ರಯಲ್ ಖಾತೆಯವರು ಆಟಗಾರರ ಮಾರುಕಟ್ಟೆಯಲ್ಲಿ ಕೊಳ್ಳುವಂತಿಲ್ಲ, ಮಾರುವಂತಿಲ್ಲ, ಗೇಮಿನ ಹಣವಾದ ಗಿಲ್ ಅನ್ನು ಕೈಯಲ್ಲಿ 3,00,000ಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ವ್ಯಾಪಾರ ಮಾಡಲಾಗದು, ಸರಿ. ಆದರೆ ಕೊಳ್ಳಲು ಆಗದವರಿಗೇ ಅಲ್ಲವೇ ಸ್ವಂತ ಕೈಯ ಅಗತ್ಯ ಹೆಚ್ಚು? ಟ್ರಯಲ್‌ನಲ್ಲಿ 70ರವರೆಗೆ ಎಂಟೂ ಕಸುಬುಗಳು ತೆರೆದಿವೆ, ಗಿಲ್ಡ್‌ಗಳ ಅಂಗಡಿಯಲ್ಲಿ ಆರಂಭದ ಸಾಮಗ್ರಿ ಸಿಗುತ್ತದೆ, ಉಳಿದದ್ದನ್ನು ಅಗೆದು, ಕಡಿದು ತರಬಹುದು. ತನ್ನ ಆಯುಧ, ಉಡುಪು, ಊಟ ಎಲ್ಲವನ್ನೂ ತಾನೇ ಮಾಡಿಕೊಳ್ಳುವ ಆಟಗಾರನಿಗೆ ಮಾರುಕಟ್ಟೆ ಇಲ್ಲದ್ದು ದೊಡ್ಡ ಕೊರತೆ ಅನ್ನಿಸುವುದಿಲ್ಲ.

ತಪ್ಪು ಕಲ್ಪನೆ: ಎಲ್ಲವೂ 100 ಆದರೆ ಎಲ್ಲವನ್ನೂ ಮಾಡಬಹುದು

ಲೆವೆಲ್ ಬೇರೆ, ಸಾಮರ್ಥ್ಯ ಬೇರೆ. ದುಬಾರಿ ವಸ್ತುಗಳನ್ನು ಮಾಡಲು ಹೊಸ ಉಪಕರಣ ಬೇಕು, ಅವಕ್ಕೆ ಮಟೀರಿಯಾ ಎಂಬ ಹರಳುಗಳನ್ನು ಕೂರಿಸಬೇಕು. ಇರುವ ಜಾಗಕ್ಕಿಂತ ಹೆಚ್ಚು ಹರಳು ಕೂರಿಸಲು ಹೋದಾಗ ವಿಫಲವಾದ ಹರಳು ಹಾಳಾಗುತ್ತದೆ. ಹಣ ಕರಗುವುದು ಇಲ್ಲೇ. ಉಡುಪು ಎಂಟಕ್ಕೂ ಒಂದೇ ಆದ್ದರಿಂದ ಮೊದಲು ಅದಕ್ಕೆ ಸುರಿಯಿರಿ, ಉಪಕರಣಗಳು ಒಂದೊಂದಾಗಿ ಬರಲಿ.

ಕೌಶಲಗಳೆಲ್ಲ ಸಮಾನ ಎಂದೆನಲ್ಲ, ಅದಕ್ಕೊಂದು ಅಪವಾದವಿದೆ. ಪ್ರತಿ ಹೆಜ್ಜೆಗೂ ಬಾಳಿಕೆಯನ್ನು 5ರಷ್ಟು ಮರಳಿ ತುಂಬುವ ‘ಮ್ಯಾನಿಪ್ಯುಲೇಶನ್’ 65ನೇ ಲೆವೆಲ್‌ನಲ್ಲಿ ತಾನಾಗಿ ಬರುವುದಿಲ್ಲ. ಆಯಾ ಕಸುಬಿನ ಕ್ವೆಸ್ಟ್ ಮುಗಿಸಿ ಪಡೆಯಬೇಕು, ಎಂಟಕ್ಕೂ ಬೇರೆ ಬೇರೆಯಾಗಿ. ಲೆವೆಲ್ ಓಡಿಸುವ ಭರದಲ್ಲಿ ಕ್ವೆಸ್ಟ್ ಬಿಟ್ಟವರ ಮ್ಯಾಕ್ರೊ 90ರಲ್ಲಿ ನಡುವೆಯೇ ನಿಂತುಬಿಡುತ್ತದೆ. ನಿಮ್ಮದೂ ಹಾಗೆ ನಿಂತರೆ ಮ್ಯಾಕ್ರೊ ತಿದ್ದುವ ಮೊದಲು ಆ ಕಸುಬಿನ ಕ್ವೆಸ್ಟ್‌ಗಳು ಎಲ್ಲಿಗೆ ನಿಂತಿವೆ ಎಂದು ನೋಡಿ.